ಮಿಕ್ಕ ಹನ್ನೆರಡಾಣೆ

ಕೆ.ಆರ್. ಪುರದ ತಾಲ್ಲೂಕು ಕಚೇರಿ, ಹಿಂದಿನ ಕೋಣೆ.
ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಟಿಪ್ಪಣಿ ಪುಸ್ತಕಗಳ ನಡುವೆ
ನಾನೂ ಒಂದು ಗಂಟು, ಹನ್ನೊಂದು ವರ್ಷದಿಂದ.

ಆ ಸೋಮವಾರ ಹೊಸ ತಂತ್ರಾಂಶ ಬಂದಿತ್ತು.
ಹಳೆಯ ಅಳತೆ ಉಣಿಸಿದರೆ ಹೊಸದನ್ನು ಕಕ್ಕುತ್ತದೆ.
ಸರಪಳಿ, ಆಣೆ, ಅಡಿ, ಗಜ, ಮೀಟರು, ಕಿಲೋಮೀಟರು,
ಅದರ ಕೆಳಗೆ, ಯಾವ ಪುಣ್ಯಾತ್ಮ ಸೇರಿಸಿದನೋ,
ಮೆಗಾಮೀಟರು, ಗಿಗಾಮೀಟರು, ಟೆರಾಮೀಟರು.
ಬಿಳೇಶಿವಾಲೆಯಲ್ಲಿ ಅಷ್ಟುದ್ದದ ಹೊಲ ಯಾರಿಗಿದೆ?

ಬೆರಳು ಜಾರಿತು. ಆದದ್ದು ಅಷ್ಟೇ.
ಪಿಳ್ಳಮ್ಮನ ಜಾಗದ ಮೂಡಣ ಮಗ್ಗುಲು
ಎರಡು ಸರಪಳಿ ಮೂರಾಣೆ.
ಯಂತ್ರ ಬರೆಯಿತು: ಸೊನ್ನೆ, ಚುಕ್ಕೆ,
ಚುಕ್ಕೆಯಾಚೆ ಏಳು ಸೊನ್ನೆ,
ಸಾಲಿನ ಕಡೆಯಲ್ಲಿ, ಟೋಕನ್ ಸಿಗದೆ ನಿಂತವರಂತೆ,
ಎರಡು, ಎರಡು.
ಪಕ್ಕದಲ್ಲಿ ಗಿಗಾಮೀಟರು. ಕೆಳಗೆ ನನ್ನದೇ ಸಹಿ, ಸೀಲು.

ಅವಳು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು
ಬೆರಳಿಟ್ಟು ಎಣಿಸಿದಳು.
‘ಎಂಟು ಸೊನ್ನೆ ಐತಲ್ಲಪ್ಪ. ಹೋದ ಸಲ ಹಿಂಗಿರಲಿಲ್ಲ.
ರೋಡಿಗೆ ಹೋಯ್ತಾ? ಕೆರೆಗೆ ಸೇರಿಸ್ಬಿಟ್ರಾ?’
‘ಇಲ್ಲಮ್ಮ, ಜಾಗ ಹಂಗೇ ಇದೆ. ಅಳತೆಗೋಲು ದೊಡ್ಡದಾಯ್ತು.’
‘ಕೋಲು ದೊಡ್ಡದಾದ್ರೆ ಜಾಗ ಚಿಕ್ಕದಾಯ್ತದಾ?’

ಇದನ್ನೇ ಹೇಳಿದ್ದ ಮುನಿಹುಚ್ಚಯ್ಯ,
ಮೂವತ್ತೊಂದು ವರ್ಷ ಸರಪಳಿಯ ಮುಂದಿನ ಹಿಡಿ ಹಿಡಿದವನು.
ದಿನಾ ಬೆಳಿಗ್ಗೆ ಜಗಲಿಯ ಎರಡು ಮೊಳೆಗಳ ನಡುವೆ
ಸರಪಳಿ ಹಾಸುತ್ತಿದ್ದ. ಅರ್ಧ ಬೆರಳು ಹೆಚ್ಚಿದ್ದರೂ
ಕುಕ್ಕರಗಾಲಲ್ಲಿ ಕೂತು, ಬಾಯ್ಬಿಟ್ಟ ಬಳೆಗಳನ್ನು
ಕಲ್ಲಿನಿಂದ ಒಂದೊಂದಾಗಿ ಬಡಿದು ಮುಚ್ಚುತ್ತಿದ್ದ.
‘ಸವೆದಷ್ಟೂ ಗಿಡ್ಡ ಆಗೋದು ಮನುಷ್ಯ, ಸ್ವಾಮಿ.
ಸರಪಳಿ ಸವೆದಷ್ಟೂ ಉದ್ದ ಆಯ್ತದೆ.
ಅದು ಉದ್ದ ಆದ್ರೆ ಲೆಕ್ಕದಾಗೆ ಹೊಲ ಗಿಡ್ಡ.
ನಾವು ಬೆಳಿಗ್ಗೆ ಸೋಮಾರಿಗಳಾದ್ರೆ
ಸಂಜೆಗೆ ಯಾರದೋ ಒಂದು ಬದ ಹೋಯ್ತದೆ.’

ಬೇರೆ ಪ್ರತಿ ತೆಗೆದುಕೊಟ್ಟೆ: ಇಪ್ಪತ್ತೆರಡು ಮೀಟರು.
ತಪ್ಪಿನದನ್ನು ಹರಿಯಲು ಕೈ ಚಾಚಿದರೆ
ಸೆರಗಿನಡಿ ಸೇರಿಸಿಯೇಬಿಟ್ಟಳು.
‘ಅದೂ ಇರ್ಲಿ ಬುಡಪ್ಪ. ಸೀಲ್ ಬಿದ್ದೈತಲ್ಲ.’

ಐದೂವರೆಗೆ ಫ್ಯಾನು ನಿಂತಿತು. ಮನೆಗೆ ಹೋಗಬಹುದಿತ್ತು.
ಟಿನ್ ಫ್ಯಾಕ್ಟರಿಯ ಕಡೆಯಿಂದ ಹಾರ್ನುಗಳು ಒಂದೇ ಸಮ;
ಅಲ್ಲಿ ಒಂದು ಸರಪಳಿ ಸರಿಯಲು ಎರಡು ಸಿಗ್ನಲ್ ಬೇಕು.
ಹಾಳಾದ ಹಾಳೆಯೊಂದರ ಬೆನ್ನ ಮೇಲೆ, ಕೈಯಲ್ಲೇ,
ಲೆಕ್ಕವನ್ನು ತಿರುವಿ ಹಾಕಿದೆ:
ಒಂದು ಗಿಗಾಮೀಟರಿಗೆ ಸರಪಳಿ ಎಷ್ಟು?

ಮೂವತ್ಮೂರು ಅಡಿಯದ್ದು, ಹದಿನಾರಾಣೆಯದ್ದು, ನಮ್ಮದು.
ಒಂಬತ್ತು ಕೋಟಿ ತೊಂಬತ್ನಾಲ್ಕು ಲಕ್ಷದ
ಹತ್ತೊಂಬತ್ತು ಸಾವಿರದ ಮುನ್ನೂರ ತೊಂಬತ್ತು.
ಮಿಕ್ಕದ್ದು ಹನ್ನೆರಡಾಣೆ.

ದಿನಕ್ಕೆ ಮುನ್ನೂರು ಸರಪಳಿ ಎಳೆದರೂ
ಭಾನುವಾರ, ಹಬ್ಬ ಏನೂ ಇಲ್ಲದೆ
ಒಂಬೈನೂರಕ್ಕೂ ಮಿಕ್ಕಿ ವರ್ಷ.
ಚಂದ್ರನಿಗೆ ಹೋಗಿ, ಬಂದು,
ಮತ್ತೆ ಹೊರಟು ಅರ್ಧ ದಾರಿ ದಾಟಿರಬೇಕು.
ಮುನಿಹುಚ್ಚಯ್ಯ ತೀರಿಕೊಂಡು ಆರು ವರ್ಷ.
ಹೊರಟಿದ್ದರೆ ಇಷ್ಟುಹೊತ್ತಿಗೆ ಎಲ್ಲಿರುತ್ತಿದ್ದ?
ಆರು ಸಾವಿರ ಕಿಲೋಮೀಟರು ಚಿಲ್ಲರೆ,
ಹಿಡಿಯನ್ನು ಹೆಗಲಿಗೆ ಹಾಕಿ, ಬೀಡಿ ಹಚ್ಚಿ,
ಹಿಂದಿನವನ ಕೂಗಿಗೆ ಕಾಯುತ್ತ.

ದೊಡ್ಡ ಸಂಖ್ಯೆಯ ಮುಂದೆ ಹನ್ನೆರಡಾಣೆ ಏನು,
ಬಿಡು, ಎಂದುಕೊಂಡೆ.
ಪೆನ್ನು ಅಡ್ಡಗೆರೆ ಎಳೆಯುವುದರಲ್ಲಿತ್ತು.

ಹನ್ನೆರಡಾಣೆ ಎಂದರೆ ಇಪ್ಪತ್ತೈದಡಿಗೆ ಒಂದು ಗೇಣೂ ಕಡಿಮೆಯಿಲ್ಲ.
ಪಿಳ್ಳಮ್ಮನ ಎರಡು ಶೀಟಿನ ಕೋಣೆಗಳು,
ಒಂದರಲ್ಲಿ ಬಿಹಾರದ ಹುಡುಗರು, ಇನ್ನೊಂದರಲ್ಲಿ ಹೊಲಿಗೆಯವಳು,
ನಡುವೆ ನೀರಿನ ಡ್ರಮ್ಮು, ನುಗ್ಗೆ ಗಿಡ.

ಜಗಲಿಯ ಕಡೆ ಕಲ್ಲು ತಾಗಿದ ಸದ್ದಾಯಿತೋ ಏನೋ.
ಅವನಿದ್ದಿದ್ದರೆ ಒಂದೇ ಕೇಳುತ್ತಿದ್ದ:
‘ಸ್ವಾಮಿ, ಆ ಹನ್ನೆರಡಾಣೆ
ಯಾರ ಹೆಸರಿಗೆ ಬರೀತೀರಿ?’